ಸಂಕಷ್ಟಿಗೆ ನಂಬರಿಲ್ಲ

ನಮ್ಮ ಕಡೆ ಮದುವೆಮನೆಯಲ್ಲಿ ಇಬ್ಬರು ಹೆಂಗಸರು ಪಕ್ಕಪಕ್ಕ ಕೂತರೆ, ಎಲೆ ಹಾಕುವಷ್ಟರಲ್ಲಿ ಒಬ್ಬರ ಮಂಡಿನೋವು, ಇನ್ನೊಬ್ಬರ ಗ್ಯಾಸು, ಅಲ್ಲಿಲ್ಲದ ಮೂರನೆಯವರ ಗರ್ಭಕೋಶದ ಆಪರೇಷನ್ನು, ಎಲ್ಲವೂ ಹೊರಗೆ ಬಿದ್ದಿರುತ್ತವೆ. ಈ ಕೆಲಸಕ್ಕೆ ಅಲ್ಲಿ ಯಾರೂ ಸಂಬಳ ಕೊಡುವುದಿಲ್ಲ. ಜರ್ಮನಿಯಲ್ಲಿ ಕೊಡುತ್ತಾರೆ. ಅದಕ್ಕೊಂದು ಕಾಲೇಜಿದೆ, ಪರೀಕ್ಷೆಯಿದೆ, ಪಾಸಾದವರಿಗೆ ಆಸ್ಪತ್ರೆಯಲ್ಲಿ ಕುರ್ಚಿಯಿದೆ ಎಂದು ಗೊತ್ತಾದ ದಿನ, ಇಷ್ಟು ವರ್ಷ ಪುಕ್ಕಟೆ ದುಡಿದೆನಲ್ಲ ಎಂದು ನನಗೆ ಹೊಟ್ಟೆ ಉರಿಯಿತು.

ನಾನು ದಾವಣಗೆರೆಯಲ್ಲಿ ಬಿ.ಕಾಂ. ಓದಿ, ಒಂದು ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕೂತು, ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ಬಾಗಲಕೋಟೆಯ ಕಡೆಯವರು, ಶ್ವೀಬರ್ಡಿಂಗೆನ್‌ನಲ್ಲಿ ಕಾರಿನ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಭಾಷೆ ಕಲಿತು ಸರ್ಟಿಫಿಕೇಟು ಹಿಡಿದು ಕೆಲಸ ಕೊಡಿಸುವ ಸರ್ಕಾರಿ ಕಚೇರಿಗೆ ಹೋದಾಗ, ಅಲ್ಲಿನ ಹೆಂಗಸು ನನ್ನ ಹಳೆಯ ಮಾರ್ಕ್ಸ್ ಕಾರ್ಡುಗಳನ್ನೆಲ್ಲ ತಿರುವಿ ನೋಡಿ, ಆಸ್ಪತ್ರೆಯ ದಾಖಲೆ ನೋಡಿಕೊಳ್ಳುವ ಕೋರ್ಸಿಗೆ ಸೇರಿ ಎಂದಳು. ರೋಗಿ ಮನೆಗೆ ಹೋದ ಮೇಲೆ ಡಾಕ್ಟರು ಬರೆದಿಟ್ಟ ಕಾಯಿಲೆ, ಆಪರೇಷನ್ನು ಎಲ್ಲಕ್ಕೂ ಒಂದೊಂದು ಅಕ್ಷರ, ಒಂದೊಂದು ನಂಬರು ಹಚ್ಚಬೇಕು. ಆ ನಂಬರು ನೋಡಿ ವಿಮೆಯವರು ಆಸ್ಪತ್ರೆಗೆ ದುಡ್ಡು ಕೊಡುತ್ತಾರೆ. ಹಚ್ಚುವವರಿಗೆ ಕೋಡರ್ ಎಂದು ಹೆಸರು. ರೋಗಿಯನ್ನು ಮುಟ್ಟುವ ಹಾಗಿಲ್ಲ, ಓದಿದರೆ ಸಾಕು ಎಂದು ಅವಳು ಸಮಾಧಾನದ ದನಿಯಲ್ಲಿ ಹೇಳಿದಳು. ಕಾಯಿಲೆ ಕಂಡರೆ ನಾನು ಹೆದರುತ್ತೇನೆ ಎಂದುಕೊಂಡಿದ್ದಳೋ ಏನೋ.

ಗಂಡನಿಗೆ ಹೇಳಿದಾಗ ಅವರು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, "ಮಂದಿ ಜಡ್ಡಿಗೆ ನಂಬರ್ ಹಚ್ಚಾಕ ಕಾಲೇಜ್ ಬೇಕೇನ?" ಎಂದರು.

"ಕಾರಿಗೆ ಬ್ರೇಕ್ ಹಾಕೋದಕ್ಕೆ ನಿಮಗೆ ಬೇಕಿತ್ತಲ್ಲ," ಎಂದೆ.

ನಗುತ್ತಾ ಹೇಳಿದೆನಾದರೂ ನನಗೆ ಆ ಕುರ್ಚಿ ನಿಜವಾಗಿಯೂ ಬೇಕಿತ್ತು. ಇಲ್ಲಿಗೆ ಬಂದ ಮೇಲೆ ನಾನು ಎಲ್ಲ ಕಚೇರಿಗಳಲ್ಲೂ ಗಂಡನ ಹೆಸರಿನ ಕೆಳಗಿನ ಒಂದು ಸಾಲಾಗಿದ್ದೆ. ಬಾಗಿಲ ಮೇಲೆ ನನ್ನ ಹೆಸರಿರುವ ಒಂದು ರೂಮು, ನನ್ನ ಬ್ಯಾಗಿನಲ್ಲಿ ಅದರದೊಂದು ಕೀಲಿ, ಅಷ್ಟೇ ಆಸೆ. ಕೇಳಿದವರಿಗೆ ಸಣ್ಣದೆನಿಸಬಹುದು. ರಾತ್ರಿ ಮಲಗಿದರೆ ನನಗೆ ಅದೇ ಬಾಗಿಲು ಕಣ್ಣ ಮುಂದೆ ಬರುತ್ತಿತ್ತು.

ಕಾಲೇಜಿನಲ್ಲಿ ನಮಗೆ ಕೋಡಿಂಗ್ ಕಲಿಸುತ್ತಿದ್ದ ಮೇಡಂ ಇಲ್ಲಿ ನಾವಿದ್ದ ಊರಿನ ಆಸ್ಪತ್ರೆಯ ಕೋಡಿಂಗ್ ವಿಭಾಗದ ಮುಖ್ಯಸ್ಥೆಯೂ ಹೌದು. ಬಡಕಲು ಶರೀರ, ಕೆಂಪು ಫ್ರೇಮಿನ ಕನ್ನಡಕ, ಅದರ ಮೇಲಿಂದ ನೋಡುವ ಕಣ್ಣು. ಆಕೆ ನಕ್ಕಿದ್ದನ್ನು ನಮ್ಮ ಬ್ಯಾಚಿನಲ್ಲಿ ಯಾರೂ ನೋಡಿರಲಿಲ್ಲ. ಪ್ರತಿ ಬೆಳಿಗ್ಗೆ ನಮಗೆ ಪ್ರಾರ್ಥನೆಯ ಹಾಗೆ ಎರಡು ಮಾತು ಹೇಳಿಸುತ್ತಿದ್ದರು. ಬರೆದಿಲ್ಲವೆಂದರೆ ನಡೆದಿಲ್ಲ. ಮತ್ತು, ನಾವು ಡಾಕ್ಟರಲ್ಲ. ರೋಗಿಗೆ ಜ್ವರ ಬಂದಿತ್ತೆಂದು ನಿಮಗೆ ಅನಿಸಬಹುದು, ಗೊತ್ತೂ ಇರಬಹುದು. ಡಾಕ್ಟರು ಬರೆದಿಲ್ಲವೆಂದರೆ ಜ್ವರವಿಲ್ಲ. ನಿಮ್ಮ ಅನಿಸಿಕೆಯನ್ನು ಮನೆಯಲ್ಲಿಟ್ಟು ಬನ್ನಿ ಎನ್ನುತ್ತಿದ್ದರು. ಅನಿಸಿಕೆಯನ್ನು ಮನೆಯಲ್ಲಿಟ್ಟು ಬರುವುದು ದಾವಣಗೆರೆಯವರಿಗೆ ಎಷ್ಟು ಕಷ್ಟವೆಂದು ಆಕೆಗೆ ಏನು ಗೊತ್ತು.

ಕ್ಲಿನಿಕ್ಕುಗಳ ಕೋಡಿಂಗಿನಲ್ಲಿ ಇನ್ನೂ ಒಂದು ಸೊಗಸಿತ್ತು. ನಂಬರಿನ ಕೊನೆಗೆ ಒಂದು ಅಕ್ಷರ ಸೇರಿಸಬೇಕು. ಕಾಯಿಲೆ ಖಚಿತವಾಗಿದ್ದರೆ ಜಿ, ಬರೀ ಅನುಮಾನವಾದರೆ ವಿ, ಪರೀಕ್ಷೆ ಮಾಡಿ ಇಲ್ಲವೆಂದು ತೀರ್ಮಾನವಾಗಿದ್ದರೆ ಎ. ಇದನ್ನು ಕಲಿತ ವಾರವೇ ನಾನು ಮನೆಯನ್ನೆಲ್ಲ ಕೋಡ್ ಮಾಡಿಬಿಟ್ಟೆ. 'ಶನಿವಾರ ಪಾತ್ರಿ ನಾನ ತೊಳೀತೀನಿ' ಎಂಬ ಗಂಡನ ಮಾತಿಗೆ ವಿ. ಭಾನುವಾರ ಬೆಳಿಗ್ಗೆ ಸಿಂಕ್ ನೋಡಿ ಅದನ್ನೇ ಎ ಮಾಡಿದೆ. ಊರಿನಲ್ಲಿರುವ ಅತ್ತೆಯ ಸೊಂಟನೋವು ಅಡುಗೆಮನೆಯಲ್ಲಿ ಜಿ, ಇಳಕಲ್ ಸೀರೆಯಂಗಡಿಯ ಮೆಟ್ಟಿಲ ಮುಂದೆ ಎ. ಪರೀಕ್ಷೆಯಲ್ಲಿ ನನಗೆ ಒಳ್ಳೆಯ ಮಾರ್ಕು ಬಂದಿದ್ದು ಈ ಮನೆಪಾಠದಿಂದಲೇ.

ತೊಂದರೆ ಶುರುವಾಗಿದ್ದೂ ಅತ್ತೆಯಿಂದಲೇ. ಫೋನಿನಲ್ಲಿ ನಾನು ಎಷ್ಟು ಬಿಡಿಸಿ ಹೇಳಿದರೂ ಅವರ ಕಿವಿಗೆ ಬಿದ್ದಿದ್ದು ಆಸ್ಪತ್ರೆ, ಕಾಲೇಜು, ಕಾಯಿಲೆ, ಈ ಮೂರೇ. "ನಮ್ಮ ಸೊಸಿ ಡಾಕ್ಟರ್ಕಿ ಕಲಿಯಾಕತ್ತಾಳ" ಎಂದು ಬಾಗಲಕೋಟೆಯಲ್ಲಿ ಹೇಳಿದ್ದು ಅವರ ತಂಗಿಯ ಮಗನ ಹೆಂಡತಿಯ ಮೂಲಕ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ನನಗಿಂತ ಮೊದಲೇ ಬಂದು ಕೂತಿತ್ತು.

ಆ ವರ್ಷದ ಯುಗಾದಿ ಕಾರ್ಯಕ್ರಮದಲ್ಲಿ ಬೇವುಬೆಲ್ಲದ ತಟ್ಟೆ ಹಿಡಿದು ನಿಂತಿದ್ದೆ. ಒಬ್ಬರು ಬೆಲ್ಲ ತಿಂದು ಹಾಗೇ ನಾಲಿಗೆ ಹೊರಚಾಚಿ, "ಡಾಕ್ಟ್ರೇ, ಒಂಚೂರು ನೋಡಿ, ಬೆಳ್ಳಗಿದೆಯಾ?" ಎಂದರು.

"ನಾನು ಡಾಕ್ಟರಲ್ಲ ರೀ. ಡಾಕ್ಟರು ಬರೆದಿದ್ದಕ್ಕೆ ನಂಬರ್ ಹಾಕೋಳು," ಎಂದೆ.

"ಎಷ್ಟು ಸಿಂಪಲ್ ನೋಡ್ರೀ ಇವರು!" ಎಂದು ಅವರು ಹಿಂದೆ ತಿರುಗಿ ಹೆಂಡತಿಯನ್ನೂ ಕರೆದರು.

ನಾನು ಅಲ್ಲ ಅಂದಷ್ಟೂ ನನ್ನ ವಿನಯದ ಕೀರ್ತಿ ಏರತೊಡಗಿತು. ಸಾಕಾಗಿ, ಕೇಳಿದವರಿಗೆಲ್ಲ ನಂಬರನ್ನೇ ಕೊಡಲು ಶುರುಮಾಡಿದೆ. ಬೆನ್ನುನೋವೇ? ಎಂ ಐವತ್ನಾಲ್ಕು. ಹೊಟ್ಟೆಯಲ್ಲಿ ಗಾಳಿಯೇ? ಆರ್ ಹದಿನಾಲ್ಕು. ಔಷಧಿ ಕೇಳಿದರೆ ನಿಮ್ಮ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ತಗೊಳ್ಳಿ ಅನ್ನುತ್ತಿದ್ದೆ. ಜನ ಬೇಜಾರಾಗುತ್ತಾರೆ ಅಂದುಕೊಂಡರೆ ಎಲ್ಲರೂ ಖುಷಿಪಟ್ಟರು. ಇಲ್ಲಿ ಡಾಕ್ಟರು ಕೊಡುವ ರಜೆಚೀಟಿಯ ಮೇಲೆ ಇಂಥದೇ ನಂಬರಿರುತ್ತದೆ, ಅದೇನೆಂದು ಅಲ್ಲಿಯವರೆಗೆ ಯಾರೂ ವಿಚಾರಿಸಿರಲಿಲ್ಲ. ಬೆಂಗಳೂರಿನ ಇಬ್ಬರು ಹುಡುಗರು ಊಟದ ಸಾಲಿನಲ್ಲಿ ಮಾತಾಡಿಕೊಳ್ಳುತ್ತಿದ್ದರು.

"ಮಗಾ, ನಂದು ಎಂ ಐವತ್ನಾಲ್ಕಂತೆ. ನಿಂದು?"

"ಆರ್ ಹದಿನಾಲ್ಕು ಗುರು. ಯಾರಿಗೂ ಹೇಳ್ಬೇಡ."

ಹೇಳಬೇಡ ಎಂದಿದ್ದು ಮೈಕಿನ ಪಕ್ಕದಲ್ಲಿ. ಅವನು ಆಮೇಲೆ ಹೋಳಿಗೆಯನ್ನು ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಕೋರ್ಸಿನ ಕೊನೆಯಲ್ಲಿ ಪ್ರಾಕ್ಟಿಕುಮ್ ಇತ್ತು, ಅಂದರೆ ಆಸ್ಪತ್ರೆಯಲ್ಲಿ ನಿಜವಾದ ಕೆಲಸ ಕಲಿಯುವ ತಿಂಗಳುಗಳು. ನನ್ನನ್ನು ಮೇಡಂ ತಮ್ಮ ವಿಭಾಗಕ್ಕೇ ತೆಗೆದುಕೊಂಡರು. ನೆಲಮಾಳಿಗೆಯ ಉದ್ದನೆಯ ಕಾರಿಡಾರು, ಒಂದು ಕಾಫಿ ಮಷೀನು, ಸಾಲಾಗಿ ಬಾಗಿಲುಗಳು. ಕೊನೆಯ ಬಾಗಿಲಿನ ಹೆಸರಿನ ಜಾಗ ಖಾಲಿಯಿತ್ತು. ಅಲ್ಲಿದ್ದವರು ನಿವೃತ್ತರಾಗಿದ್ದರು. "ಎಲ್ಲ ಸರಿಹೋದರೆ ಶರತ್ಕಾಲದಿಂದ ಅದು ನಿಮ್ಮದು" ಎಂದು ಮೇಡಂ ಮೊದಲ ದಿನವೇ ಹೇಳಿದರು. ನಾನು ಕಾಫಿಗೆ ಹೋಗುವಾಗಲೆಲ್ಲ ಸುತ್ತುಬಳಸಿ ಆ ಬಾಗಿಲ ಮುಂದೆಯೇ ಹೋಗುತ್ತಿದ್ದೆ.

ಜೂನ್ ಮುಗಿಯುವ ಹೊತ್ತಿಗೆ, ಒಂದು ಭಾನುವಾರ ಸಂಜೆ ಫೋನ್ ಬಂತು. ನಮ್ಮ ಪಕ್ಕದ ಬೀದಿಯಲ್ಲಿರುವ ಮೈಸೂರಿನ ಸಾಫ್ಟ್‌ವೇರ್ ಹುಡುಗ. ಬೇಸಿಗೆಗೆಂದು ಬಂದಿದ್ದ ಅವನ ತಾಯಿ ಹಿಂದಿನ ದಿನ ಬೆಳಿಗ್ಗೆ ಬಚ್ಚಲುಮನೆಯಲ್ಲಿ ತಲೆಸುತ್ತಿ ಬಿದ್ದಿದ್ದರು, ರಕ್ತದಲ್ಲಿ ಸಕ್ಕರೆ ಪಾತಾಳಕ್ಕೆ ಇಳಿದಿತ್ತು, ಈಗ ನಾನಿದ್ದ ಆಸ್ಪತ್ರೆಯಲ್ಲೇ ಇದ್ದರು. ಅವನು ತನ್ನ ಮಗುವಿಗೆ ಹೇಳಿಕೊಟ್ಟ ಹಾಗೆ ನಾನೂ ಅವರನ್ನು ಅಜ್ಜಿ ಎನ್ನುತ್ತಿದ್ದೆ. "ಬಿಡುವಾದಾಗ ಒಂದ್ಸಲ ನೋಡ್ಕೊಂಡು ಬರ್ತೀರಾ ಮೇಡಂ? ಅಮ್ಮನಿಗೆ ಭಾಷೆ ಬರಲ್ಲ," ಎಂದ.

ಸೋಮವಾರ ಬೆಳಿಗ್ಗೆಯೇ ಮೇಡಂಗೆ ವಿಷಯ ತಿಳಿಸಿದೆ. ಪರಿಚಯದವರ ಫೈಲನ್ನು ನೀವು ತೆರೆಯುವ ಹಾಗಿಲ್ಲ, ಊಟದ ಬಿಡುವಿನಲ್ಲಿ ಭೇಟಿಗೆ ಹೋಗುವುದು ನಿಮ್ಮಿಷ್ಟ ಎಂದರು. ಮಧ್ಯಾಹ್ನ ಚಟ್ನಿಪುಡಿಯ ಡಬ್ಬಿ ಹಿಡಿದು ಮೂರನೇ ಮಹಡಿಗೆ ಹೋದೆ. ಭೇಟಿಯ ಸಮಯ ಇನ್ನೂ ಶುರುವಾಗಿಲ್ಲ ಎಂದು ನರ್ಸ್ ಬಾಗಿಲಲ್ಲೇ ತಡೆದಳು. ಒಳಗಿನಿಂದ ಅಜ್ಜಿ ನನ್ನನ್ನು ಕಂಡು, ಮಲಗಿದ್ದಲ್ಲಿಂದಲೇ ಕೈಯೆತ್ತಿ ಇಂಗ್ಲಿಷಿನಲ್ಲಿ ಕೂಗಿದರು.

"ಮೈ ಡಾಕ್ಟರ್! ಮೈ ಡಾಕ್ಟರ್ ಕಮ್!"

ನರ್ಸ್ ಪಕ್ಕಕ್ಕೆ ಸರಿದಳು. ನಾನು ಡಾಕ್ಟರಲ್ಲ, ಕೆಳಗಡೆ ಕೋಡಿಂಗಿನ ಪ್ರಾಕ್ಟಿಕುಮ್‌ನವಳು ಎಂದು ನಾನು ಹೇಳುವಷ್ಟರಲ್ಲಿ ಇನ್ಯಾರೋ ರೋಗಿ ಗಂಟೆ ಒತ್ತಿದ್ದರಿಂದ ಅವಳು ಓಡಿದ್ದಳು.

"ಅಜ್ಜಿ, ಹಾಗನ್ಬೇಡಿ. ಇಲ್ಲಿ ಅದು ದೊಡ್ಡ ತಪ್ಪು," ಎಂದೆ.

"ಆಯ್ತು ಬಿಡಮ್ಮ. ಕೂತ್ಕೊ. ಮೊದ್ಲು ಆ ಚಟ್ನಿಪುಡಿ ಕೊಡು," ಎಂದರು ಅಜ್ಜಿ.

ಅಷ್ಟರಲ್ಲಿ ವಾರ್ಡಿನ ಡಾಕ್ಟರು ಬಂದ. ಕೂದಲನ್ನು ಹಿಂದೆ ಜುಟ್ಟು ಕಟ್ಟಿದ್ದ ಎಳೆಯ ಹುಡುಗ, ಎರಡು ದಿನದಿಂದ ಮನೆಗೆ ಹೋಗದವನ ಮುಖ. ನರ್ಸ್ ಅವನಿಗೆ ಏನು ಹೇಳಿದ್ದಳೋ, ಕೈಕುಲುಕಿ ನನ್ನನ್ನು 'ಸಹವೈದ್ಯೆ' ಎಂದೇ ಕರೆದ. ನಾನು ಡಾಕ್ಟರಲ್ಲ, ಕೋಡಿಂಗ್ ಕಲಿಯುತ್ತಿದ್ದೇನೆ ಎಂದೆ. ಅವನು ಮರುಕದಿಂದ ತಲೆಯಾಡಿಸಿದ. ಹೊರದೇಶದ ಎಷ್ಟೋ ಡಾಕ್ಟರುಗಳು ಇಲ್ಲಿ ಡಿಗ್ರಿಗೆ ಮಾನ್ಯತೆ ಸಿಗುವವರೆಗೆ ಸಣ್ಣಪುಟ್ಟ ಕೆಲಸ ಮಾಡಿಕೊಂಡಿರುತ್ತಾರೆ. ನಾನೂ ಅಂಥವಳೆಂದು ಅವನು ತೀರ್ಮಾನಿಸಿಬಿಟ್ಟಿದ್ದ. "ತಾಳ್ಮೆ ಇಟ್ಟುಕೊಳ್ಳಿ, ಕಾಗದಪತ್ರ ಬಂದೇ ಬರುತ್ತದೆ," ಎಂದ. ಮಂಗಳವಾರವೂ ಹೇಳಿದೆ. ಅವತ್ತು ಇನ್ನಷ್ಟು ಮರುಗಿದ. ಅಲ್ಲ ಅಂದರೆ ಹೌದು ಎಂದುಕೊಳ್ಳುವುದು ನಮ್ಮವರ ಗುಣ ಮಾತ್ರ ಅಂದುಕೊಂಡಿದ್ದೆ, ಇವರಿಗೂ ಇದೆ.

ಅವನ ತಲೆನೋವು ಬೇರೆಯೇ ಇತ್ತು. ಅಜ್ಜಿಯ ಸಕ್ಕರೆ ಯಾಕೆ ಇಳಿಯಿತೆಂದು ಗೊತ್ತಾಗಿರಲಿಲ್ಲ. ಡಯಾಬಿಟಿಸ್ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತಗೊಳ್ಳುತ್ತಾರೆ, ಒಂದೂ ಹೆಚ್ಚು ನುಂಗಿಲ್ಲ. ಊಟ ಸರಿಯಾಗಿ ಮಾಡುತ್ತೀರಾ ಎಂದರೆ ಮಾಡುತ್ತೇನೆ ಎನ್ನುತ್ತಾರೆ, ಮಗನೂ ಹೌದೆನ್ನುತ್ತಾನೆ. ಹಿಂದಿನ ತಿಂಗಳೂ ಹೀಗೇ ಒಮ್ಮೆ ಬೆವತು ಕುಸಿದಿದ್ದರಂತೆ, ಮನೆಯಲ್ಲಿ ಜ್ಯೂಸ್ ಕುಡಿಸಿದ ಮೇಲೆ ಸರಿಹೋಗಿದ್ದರು. ಹೊಟ್ಟೆಯೊಳಗೆ ಗೆಡ್ಡೆಯೇನಾದರೂ ಇದೆಯೋ ಎಂದು ಗುರುವಾರ ಸ್ಕ್ಯಾನ್ ಮಾಡುವುದೆಂದು ಹಿರಿಯ ಡಾಕ್ಟರು ಹೇಳಿದ್ದರು. ಗೆಡ್ಡೆ ಎಂಬ ಮಾತು ಕೇಳಿದಾಗಿನಿಂದ ಮಗ ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದ.

ಬುಧವಾರ ಹೋದಾಗ ಅಜ್ಜಿ ಊಟದ ತಟ್ಟೆಯ ಮುಚ್ಚಳ ತೆಗೆದು ನೋಡಿ ಮುಚ್ಚುತ್ತಿದ್ದರು. "ಬೆಳಿಗ್ಗೆ ಬ್ರೆಡ್ಡು, ಸಾಯಂಕಾಲ ತಣ್ಣಗಿರೋ ಬ್ರೆಡ್ಡು. ಇದಕ್ಕಿಂತ ಸಂಕಷ್ಟಿನೇ ವಾಸಿ."

"ಇಲ್ಲಿ ಬಂದೂ ಸಂಕಷ್ಟಿ ಮಾಡ್ತೀರಾ ಅಜ್ಜಿ?" ಎಂದೆ, ಸುಮ್ಮನೆ ಮಾತಿಗೆ.

ಅಜ್ಜಿ ಬಾಗಿಲ ಕಡೆ ನೋಡಿದರು. ಮಗ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕದ್ದು ಬೆಲ್ಲ ತಿಂದ ಮಗುವಿನ ಮುಖ ಮಾಡಿ ಹೇಳಿದರು. "ಮದುವೆ ಆದಾಗಿಂದ ಬಿಟ್ಟಿಲ್ಲಮ್ಮ. ಇವನು ಬೇಡ ಅಂತಾನೆ, ಸೊಸೆನೂ ಬೇಡ ಅಂತಾಳೆ. ಇಬ್ಬರೂ ಕೆಲಸಕ್ಕೆ ಹೋದ್ಮೇಲೆ ನನ್ ಪಾಲಿನ ಅನ್ನಾನ ಪಾತ್ರೆಗೇ ವಾಪಸ್ ಹಾಕ್ಬಿಡ್ತೀನಿ. ರಾತ್ರಿ ಕೇಳಿದ್ರೆ ಮಧ್ಯಾಹ್ನ ಜಾಸ್ತಿ ಆಯ್ತು, ಹೊಟ್ಟೆ ಭಾರ ಅಂತೀನಿ. ನೀರೊಂದು ಬಿಟ್ರೆ ಏನೂ ಮುಟ್ಟಲ್ಲ."

"ಮಾತ್ರೆ?"

"ಮಾತ್ರೆ ಹೆಂಗಮ್ಮ ಬಿಡೋದು? ದಿನಾ ಬೆಳಿಗ್ಗೆ ತಪ್ಪಿಸಬೇಡಿ ಅಂತ ನಮ್ ಮೈಸೂರು ಡಾಕ್ಟ್ರು ಹೇಳಿದಾರಲ್ಲ. ತಪ್ಪಿಸಿಲ್ಲ."

"ಚಂದ್ರ ನೋಡಿ ಊಟ ಮಾಡಿದ್ರಾ?"

"ಅಲ್ಲೇ ನೋಡು ಬಂದಿದ್ದು ಕಷ್ಟ. ನಮ್ಮೂರಲ್ಲಿ ಒಂಬತ್ತೂವರೆ ಅನ್ನೋಷ್ಟರಲ್ಲಿ ಬಂದ್ಬಿಡ್ತಾನೆ. ಇಲ್ಲಿ ಒಂಬತ್ತೂವರೆಗೆ ಸೂರ್ಯನೇ ಹೋಗಿರಲ್ಲ! ಕಾದೆ, ಕಾದೆ. ಮೋಡ ಬೇರೆ. ಹಂಗೇ ಮಲ್ಕೊಂಡೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಪೂಜೆ ಮುಗಿಸಿ ತಿನ್ನೋಣ ಅಂತ ಬಚ್ಚಲಿಗೆ ಹೋದೆ. ಅಷ್ಟೇ ಜ್ಞಾಪಕ."

ಹಿಂದಿನ ತಿಂಗಳು ಕುಸಿದದ್ದೂ ಸಂಕಷ್ಟಿಯ ಮಾರನೆಯ ದಿನವೇ ಎಂದು ಕೇಳಿ ತಿಳಿದುಕೊಂಡೆ. ಮೂರನೇ ಮಹಡಿಯ ಡಾಕ್ಟರುಗಳೆಲ್ಲ ಹುಡುಕುತ್ತಿದ್ದ ಗೆಡ್ಡೆ ಆಕಾಶದಲ್ಲಿ ಮೋಡದ ಹಿಂದೆ ಕೂತಿತ್ತು.

ಈಗ ನಾನೇನು ಮಾಡಬೇಕು? ಓಡಿಹೋಗಿ ಆ ಜುಟ್ಟಿನ ಹುಡುಗನಿಗೆ ಹೇಳಿದರೆ ಅವನ ಸಹವೈದ್ಯೆಯಾಗಿ ನಾನೇ ಕಾಯಿಲೆ ಕಂಡುಹಿಡಿದ ಹಾಗಾಗುತ್ತದೆ. ಆ ಸುದ್ದಿ ಕೆಳಗಿಳಿದು ನೆಲಮಾಳಿಗೆಗೆ ಬಂದರೆ ಕೊನೆಯ ಬಾಗಿಲು ನನ್ನ ಪಾಲಿಗೆ ಮುಚ್ಚಿದಂತೆ. ಸುಮ್ಮನಿದ್ದರೆ ಅಜ್ಜಿ ಸುಮ್ಮಸುಮ್ಮನೆ ಮಷೀನಿನೊಳಗೆ ಹೋಗುತ್ತಾರೆ, ಮುಂದಿನ ಚೌತಿಗೆ ಮತ್ತೆ ಬೀಳುತ್ತಾರೆ. ಮುಂದಿನ ಸಲ ಹೊತ್ತಿಗೆ ಸರಿಯಾಗಿ ಯಾರೂ ನೋಡದೆಯೂ ಇರಬಹುದು. ನನಗೆ ಹೆದರಿಕೆಯಾಯಿತು. ನಿಜ ಹೇಳಬೇಕೆಂದರೆ ಎರಡಕ್ಕೂ ಒಂದೇ ಸಮ ಹೆದರಿದೆ, ಅದಕ್ಕೆ ನನ್ನ ಮೇಲೇ ಸಿಟ್ಟೂ ಬಂತು.

"ಅಜ್ಜಿ, ಇದನ್ನ ನೀವೇ ಡಾಕ್ಟರಿಗೆ ಹೇಳ್ಬೇಕು," ಎಂದೆ.

"ಅಯ್ಯೋ, ಮಗನಿಗೆ ಗೊತ್ತಾದ್ರೆ?"

"ಗೊತ್ತಾದ್ರೆ ಬೈತಾನೆ. ಹೇಳ್ಲಿಲ್ಲ ಅಂದ್ರೆ ನಾಳೆ ನಿಮ್ಮನ್ನ ಕೊಳವೆಯಂಥ ಮಷೀನಲ್ಲಿ ಮಲಗಿಸ್ತಾರೆ. ಅದಕ್ಕೂ ಮೊದಲು ಏನೂ ತಿನ್ನೋ ಹಾಗಿಲ್ಲ. ಇವರು ಹಾಕಿಸೋ ಉಪವಾಸಕ್ಕೆ ಗಣಪತಿ ಪುಣ್ಯನೂ ಕೊಡಲ್ಲ ನೋಡಿ."

ಪುಣ್ಯವಿಲ್ಲದ ಉಪವಾಸ ಎಂದದ್ದೇ ತಡ, ಅಜ್ಜಿ ಕೂದಲು ಸರಿಮಾಡಿಕೊಂಡು ಎದ್ದು ಕೂತರು. "ಕರಿ ಅವನನ್ನ."

ಡಾಕ್ಟರು ಬಂದ. ಅಜ್ಜಿ ನನ್ನ ಸಹಾಯಕ್ಕೆ ಕಾಯದೆ ತಮ್ಮ ಇಂಗ್ಲಿಷಿನಲ್ಲೇ ಶುರುಮಾಡಿದರು. "ಮೂನ್ ನಾಟ್ ಕಮಿಂಗ್. ಐ ನಾಟ್ ಈಟಿಂಗ್. ಮೂನ್ ಕಮಿಂಗ್, ಐ ಈಟಿಂಗ್."

ಹುಡುಗನ ಮುಖ ಬಿಳಿಚಿಕೊಂಡಿತು. ಸಕ್ಕರೆ ಇಳಿದು ಬುದ್ಧಿಗೆ ಏನಾದರೂ ಆಯಿತೋ ಎಂಬ ಭಯ. ಮೆಲ್ಲಗೆ ನನ್ನ ಕಡೆ ಬಾಗಿ, "ಇವತ್ತು ಯಾವ ದಿನ ಎಂದು ಅವರನ್ನು ಕೇಳಿ," ಎಂದ. ಕೇಳಿದೆ.

"ಬುಧವಾರ. ನವಮಿ. ಯಾಕಂತೆ, ಅವನಿಗೆ ಗೊತ್ತಿಲ್ವಂತಾ?" ಎಂದರು ಅಜ್ಜಿ.

ಆಗ ನಾನು ಜರ್ಮನ್ನಿನಲ್ಲಿ ಒಂದೊಂದೇ ಮಾತು ಬಿಡಿಸಿ ಹೇಳಿದೆ. ನಾನು ಡಾಕ್ಟರಲ್ಲ, ಭೇಟಿಗೆ ಬಂದವಳು, ಈಗ ರೋಗಿ ಹೇಳಿದ್ದನ್ನು ಭಾಷಾಂತರ ಮಾಡುತ್ತಿದ್ದೇನೆ ಅಷ್ಟೇ ಎಂದು ಪೀಠಿಕೆ ಹಾಕಿ, ಚೌತಿಯ ಉಪವಾಸ, ಬೆಳಗಿನ ಮಾತ್ರೆ, ಬಾರದ ಚಂದ್ರ ಎಲ್ಲವನ್ನೂ ಅಜ್ಜಿಯ ಬಾಯಲ್ಲಿ ಇನ್ನೊಮ್ಮೆ ಹೇಳಿಸಿ ದಾಟಿಸಿದೆ. ಅವನು ಜೇಬಿನಿಂದ ಫೋನ್ ತೆಗೆದು ಶುಕ್ರವಾರ ಈ ಊರಿನಲ್ಲಿ ಚಂದ್ರ ಎಷ್ಟು ಹೊತ್ತಿಗೆ ಹುಟ್ಟಿದನೆಂದು ಹುಡುಕಿದ. ನೋಡಿ, ಕುರ್ಚಿಯ ಮೇಲೆ ಕೂತುಬಿಟ್ಟ. ನಡುರಾತ್ರಿಯ ಹತ್ತಿರ. ನಿದ್ದೆಗೆಟ್ಟ ಮುಖದಲ್ಲಿ ಮೊದಲ ಸಲ ನಗು ಬಂತು. ಹಾಗೇ ಎದ್ದು ಬರೆಯಲು ಓಡಿದ.

ಗುರುವಾರ ಸ್ಕ್ಯಾನ್ ರದ್ದಾಯಿತು. ಅದೇ ದಿನ ಹತ್ತು ಗಂಟೆಗೆ ಮೇಡಂ ನನ್ನನ್ನು ರೂಮಿಗೆ ಕರೆದು ಬಾಗಿಲು ಹಾಕಿದರು. ಆ ಜುಟ್ಟಿನ ಡಾಕ್ಟರು ಕೇಸ್ ಶೀಟಿನಲ್ಲಿ 'ಭಾರತೀಯ ಸಹವೈದ್ಯೆಯ ವಿಚಾರಣೆಯ ಪ್ರಕಾರ' ಎಂದು ಬರೆದಿದ್ದನಂತೆ. ಅಂಥ ವೈದ್ಯೆ ಯಾರೂ ನಮ್ಮಲ್ಲಿಲ್ಲವಲ್ಲ ಎಂದು ಹಿರಿಯ ಡಾಕ್ಟರು ಹುಡುಕಿಸಿದಾಗ ಸಿಕ್ಕಿದ್ದು ನಾನು.

"ನೀವು ಡಾಕ್ಟರ್ ಎಂದು ಹೇಳಿಕೊಂಡಿರಾ?"

"ಇಲ್ಲ. ಅಲ್ಲ ಅಂತಲೇ ಹೇಳಿದೆ, ದಿನಾ, ಎಲ್ಲರಿಗೂ."

"ಎಲ್ಲಿ ಬರೆದಿದೆ?"

ಎಲ್ಲಿಯೂ ಬರೆದಿರಲಿಲ್ಲ. ಬರೆದಿಲ್ಲವೆಂದರೆ ನಡೆದಿಲ್ಲ ಎಂದು ಆಕೆ ಹೇಳಲಿಲ್ಲ, ನನಗೇ ಬಾಯಿಪಾಠವಾಗಿತ್ತಲ್ಲ. ಇಲ್ಲದ ವೈದ್ಯಪದವಿ ಹೇಳಿಕೊಳ್ಳುವುದು ಈ ದೇಶದಲ್ಲಿ ಪೊಲೀಸರವರೆಗೂ ಹೋಗುವ ವಿಷಯ. ಅಳಬಾರದೆಂದು ಆಕೆಯ ಮೇಜಿನ ಮೇಲಿನ ಕಳ್ಳಿಗಿಡವನ್ನೇ ನೋಡುತ್ತ ಕೂತೆ. ಕಣ್ಣೀರು ಬಂದೇ ಬಂತು.

ಮೇಡಂ ಒಂದು ಟಿಶ್ಯೂ ಕೊಟ್ಟು, "ಏಳಿ. ರೋಗಿಯನ್ನೇ ಕೇಳೋಣ. ನೀವು ಭಾಷಾಂತರ ಮಾಡಬೇಡಿ, ಮಗ ಮಾಡಲಿ," ಎಂದರು.

ಮೂರನೇ ಮಹಡಿಯಲ್ಲಿ ಅಜ್ಜಿ, ಅಜ್ಜಿಯ ಮಗ, ಜುಟ್ಟಿನ ಡಾಕ್ಟರು, ಮೇಡಂ, ಮೂಲೆಯಲ್ಲಿ ನಾನು. ಈಕೆ ತಾನು ಡಾಕ್ಟರೆಂದು ನಿಮಗೆ ಹೇಳಿದಳೇ ಎಂದು ಮೇಡಂ ಕೇಳಿದರು. ಮಗ ಕೇಳಿಸಿದ. ಅಜ್ಜಿ ನನ್ನ ಕೆಂಪಾದ ಕಣ್ಣು ನೋಡಿದರು, ಮೇಡಂರ ಕೆಂಪು ಕನ್ನಡಕ ನೋಡಿದರು, ಆಮೇಲೆ ಶುರುವಾದರು.

"ಇವಳಾ? ಮೂರು ದಿನದಿಂದ ಬಂದು ನಾನು ಡಾಕ್ಟರಲ್ಲ, ಡಾಕ್ಟರಲ್ಲ ಅಂತ ನನ್ ಪ್ರಾಣ ತಿಂದಿದಾಳೆ! ಡಾಕ್ಟರಲ್ಲ ಅಂತ ನಂಗೆ ಮೊದ್ಲೇ ಗೊತ್ತಿಲ್ವಾ? ಯಾವ ಡಾಕ್ಟ್ರು ಚಟ್ನಿಪುಡಿ ತರ್ತಾರೆ? ಯಾವ ಡಾಕ್ಟ್ರು ಕೂತ್ಕೊಂಡು ಪೂರ್ತಿ ಕೇಳ್ತಾರೆ? ನಾನೇ ಅಂದಿದ್ದು. ಪಕ್ಕದ ಬೀದಿಯವಳು ಅಂದ್ರೆ ಆ ನರ್ಸು ಒಳಗೆ ಬಿಡ್ತಿದ್ಲಾ? ಎರಡು ದಿನ ಆಗಿತ್ತು ನನ್ ಹತ್ರ ಕನ್ನಡ ಮಾತಾಡೋರು ಒಬ್ರು ಕೂತು. ನೀನೂ ಬರ್ತಿದ್ದೆ, ಡಾಕ್ಟರ ಹತ್ರ ಮಾತಾಡ್ತಿದ್ದೆ, ಹೋಗ್ತಿದ್ದೆ."

ಕೊನೆಯ ಮಾತು ಮಗನಿಗೆ. ಅವನು ಅಲ್ಲಿಯವರೆಗೆ ಸರಿಯಾಗಿ ಭಾಷಾಂತರ ಮಾಡಿ, ಆ ಸಾಲಿಗೆ ಬಂದು ನಿಂತ. "ಅದನ್ನೂ ಹೇಳು," ಎಂದರು ಅಜ್ಜಿ. ತಲೆ ತಗ್ಗಿಸಿ ಹೇಳಿದ.

ಆಮೇಲೆ ಜುಟ್ಟಿನ ಡಾಕ್ಟರು ಗಂಟಲು ಸರಿಮಾಡಿಕೊಂಡು, ಆಕೆ ನನಗೂ ಪ್ರತಿದಿನ ಹೇಳಿದ್ದರು, ನಾನೇ ನಂಬಲಿಲ್ಲ ಎಂದ. ಮೇಡಂ ಅವನ ಕಡೆ ತಿರುಗಿದರು. ನಮ್ಮನ್ನು ಕ್ಲಾಸಿನಲ್ಲಿ ನಿಲ್ಲಿಸಿ ಕೇಳುವ ದನಿಯಲ್ಲೇ, "ಹಾಗಾದರೆ ಈಗ ಬರೆಯಿರಿ. ಸಹವೈದ್ಯೆ ಅಲ್ಲ, ಭೇಟಿಗೆ ಬಂದವರು. ರೋಗಿಯೇ ಹೇಳಿದ್ದು, ಅವರು ಭಾಷಾಂತರಿಸಿದ್ದು. ಮತ್ತು ಡಾಕ್ಟರಲ್ಲವೆಂದು ಅವರು ಮೊದಲ ದಿನದಿಂದ ಹೇಳಿದ್ದರೆಂಬುದನ್ನೂ," ಎಂದರು. ಅವನು ನಿಂತುಕೊಂಡೇ ತಿದ್ದಿದ. ಮೇಡಂ ಅವನ ಭುಜದ ಮೇಲಿಂದ ಓದಿ, ಒಂದು ಕಾಮಾ ಹಾಕಿಸಿದರು.

ಲಿಫ್ಟಿನಲ್ಲಿ ಕೆಳಗೆ ಬರುವಾಗ ಆಕೆ ಬಾಗಿಲನ್ನೇ ನೋಡುತ್ತ, "ವೈದ್ಯೆ, ಎ," ಎಂದರು. ಪರೀಕ್ಷಿಸಿ ಇಲ್ಲವೆಂದು ತೀರ್ಮಾನಿಸಿದ್ದು. ಆಮೇಲೆ, "ಚಂದ್ರನಿಗೆ ಕಾದದ್ದಕ್ಕೆ ನಮ್ಮಲ್ಲಿ ಯಾವ ನಂಬರಿದೆ?" ಎಂದು ಕೇಳಿದರು. ಇಲ್ಲ ಮೇಡಂ ಎಂದೆ. ಮಾತ್ರೆಯಿಂದ ಸಕ್ಕರೆ ಇಳಿದದ್ದಕ್ಕಿದೆ, ಕಾದದ್ದಕ್ಕಿಲ್ಲ. ಆಕೆ ನಕ್ಕರು. ನಮ್ಮ ಬ್ಯಾಚಿನಲ್ಲಿ ಇದನ್ನು ಯಾರೂ ನಂಬಲಿಲ್ಲ.

ಅಜ್ಜಿ ಆಗಸ್ಟಿನಲ್ಲಿ ಮೈಸೂರಿಗೆ ಮಗಳ ಮನೆಗೆ ಹೋದರು. ಆಸ್ಪತ್ರೆಯಿಂದ ಹೊರಡುವಾಗಲೇ ಜುಟ್ಟಿನ ಡಾಕ್ಟರು ಕೊಟ್ಟ ಸಲಹೆ ಸ್ಪಷ್ಟವಾಗಿತ್ತು: ಈ ಮಾತ್ರೆ ತಗೊಳ್ಳುವವರು ಉಪವಾಸ ಮಾಡುವ ಹಾಗಿಲ್ಲ. ಮೈಸೂರಿನ ಡಾಕ್ಟರೂ ಅದನ್ನೇ ಹೇಳಿದರಂತೆ. ಶರತ್ಕಾಲದಲ್ಲಿ ಕೊನೆಯ ಬಾಗಿಲಿಗೆ ನನ್ನ ಹೆಸರು ಬಂತು. ಗಂಡ ಅದರ ಮುಂದೆ ನನ್ನನ್ನು ನಿಲ್ಲಿಸಿ ಫೋಟೊ ತೆಗೆದು ಊರಿಗೆ ಕಳಿಸಿದರು, ಆ ಶನಿವಾರ ಪಾತ್ರೆಯನ್ನೂ ತೊಳೆದರು. ಜಿ. ಅತ್ತೆ ಫೋಟೊ ದೊಡ್ಡದು ಮಾಡಿ ನೋಡಿ, "ಹೆಸರಿನ ಮುಂದ ಡಾಕ್ಟರ್ ಅಂತ ಹಾಕೂದು ಮರತಾರಲ್ಲವಾ, ಹೇಳಿ ಹಾಕಿಸ್ಕೋ," ಎಂದರು.

ಕೆಲಸಕ್ಕೆ ಸೇರಿದ ಕೆಲವು ವಾರಗಳ ಮೇಲೆ, ಒಂದು ಬೆಳಿಗ್ಗೆ ಮೇಡಂ ನನ್ನ ರೂಮಿನಲ್ಲಿ ಪಕ್ಕಕ್ಕೆ ಕೂತು ಒಂದು ಫೈಲ್ ತಾಳೆ ನೋಡುತ್ತಿದ್ದಾಗ ಫೋನ್ ಬಂತು. ಮೈಸೂರಿನಿಂದ. ಅಲ್ಲಿ ಮಧ್ಯಾಹ್ನದ ಊಟದ ಹೊತ್ತು. ಕ್ಷಮೆ ಕೇಳಿ ಎತ್ತಿಕೊಂಡೆ.

"ಡಾಕ್ಟ್ರಮ್ಮಾ!" ಅಜ್ಜಿಯ ಗಂಟಲು ಫೋನಿನಿಂದ ರೂಮಿಗೆಲ್ಲ ಕೇಳಿಸಿತು. ಮೇಡಂರ ಪೆನ್ನು ನಿಂತಿತು. "ಇವತ್ತು ಸಂಕಷ್ಟಿ. ಮಾತ್ರೆ ತಗೊಂಡಾಯ್ತು. ಮಗಳು ತಟ್ಟೆ ಹಿಡ್ಕೊಂಡು ಮುಂದೆ ನಿಂತಿದಾಳೆ, ಇಲ್ಲಿ ಡಾಕ್ಟ್ರು ತಿನ್ನಿ ಅಂತಾರೆ, ನಂಗೆ ಮನಸ್ಸು ಒಪ್ತಿಲ್ಲ. ನೀನೊಂದು ಮಾತು ಹೇಳ್ಬಿಡು. ಚಂದ್ರ ನೋಡದೆ ತಿನ್ಲಾ? ಪಾಪ ಬಂದ್ರೆ ನಿನಗೇ ಬರ್ಲಿ."

ನಾನು ಡಾಕ್ಟರಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಎರಡು ವರ್ಷ ಪ್ರತಿ ಬೆಳಿಗ್ಗೆ ಹೇಳಿದ್ದು, ಸಂಘದಲ್ಲಿ, ವಾರ್ಡಿನಲ್ಲಿ, ಕಣ್ಣೀರು ಹಾಕಿ ಹೇಳಿದ್ದು. ಈಗ ಅದನ್ನೇ ಹೇಳಿದರೆ ಆ ತಟ್ಟೆ ಮುಟ್ಟದೆಯೇ ಅಡುಗೆಮನೆಗೆ ವಾಪಸ್ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

"ತಿನ್ನಿ ಅಜ್ಜಿ," ಎಂದೆ. "ಪಾಪ ನನಗಿರಲಿ. ಬಿಸಿಯಾಗಿರುವಾಗಲೇ ತಿನ್ನಿ."

"ಹಾಂ, ಡಾಕ್ಟ್ರು ಹೇಳಿದ್ಮೇಲೆ ಮುಗೀತು," ಎಂದು ಅಜ್ಜಿ ಮಗಳಿಗೆ ತುಪ್ಪ ತರಲು ಹೇಳಿದರು.

ಫೋನ್ ಇಟ್ಟೆ. ಮೇಡಂ ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. "ನನಗೆ ಒಂದು ಪದ ಅರ್ಥವಾಯಿತು," ಎಂದರು.

ಆಕೆ ನನ್ನ ಮೇಜಿನ ಮೇಲೆ ಕಣ್ಣಾಡಿಸಿದರು, ಸ್ಕ್ರೀನ್ ನೋಡಿದರು, ತಮ್ಮ ಖಾಲಿ ಕಾಗದವನ್ನೂ ನೋಡಿಕೊಂಡರು.

"ಬರೆದಿಲ್ಲ," ಎಂದು ಪೆನ್ನಿನ ಮುಚ್ಚಳ ಹಾಕಿ, ಮುಂದಿನ ಫೈಲ್ ತೆರೆಯಲು ಹೇಳಿದರು.